ಕಾಲೇಜುಗಳ ವಠಾರಕ್ಕೆ ಜಾಗ ಕೊಟ್ಟ ಎಲೆನ್ ಸ್ಕ್ರಿಪ್ಸ್

ವಠಾರದಲ್ಲಿ ಬೆಳೆದವರಿಗೆ ಅದರ ಲೆಕ್ಕಾಚಾರ ಹೇಳಿಕೊಡಬೇಕಾಗಿಲ್ಲ. ಮನೆ ಚಿಕ್ಕದು, ಒಲೆ ಬೇರೆ ಬೇರೆ. ಆದರೆ ಬಾವಿ, ಅಂಗಳ, ಬಟ್ಟೆ ಒಣಹಾಕುವ ಜಾಗ ಎಲ್ಲರದೂ. ಅಮೆರಿಕದ ಲಾಸ್ ಏಂಜಲೀಸ್‌ನ ಪೂರ್ವಕ್ಕಿರುವ ಕ್ಲೇರ್‌ಮಾಂಟ್ ಎಂಬ ಊರಿನಲ್ಲಿ ಕಾಲೇಜುಗಳೇ ಹೀಗೆ ವಠಾರ ಮಾಡಿಕೊಂಡಿವೆ. ಅವು ಬೆಳೆಯಲು ಜಾಗ ಒದಗಿಸಿದವರಲ್ಲಿ ಮೊದಲ ಹೆಸರು ಎಲೆನ್ ಬ್ರೌನಿಂಗ್ ಸ್ಕ್ರಿಪ್ಸ್ ಅವರದು.

ಎಲೆನ್ ಹುಟ್ಟಿದ್ದು 1836ರಲ್ಲಿ, ಲಂಡನ್‌ನಲ್ಲಿ. ಎಳವೆಯಲ್ಲೇ ತಾಯಿ ತೀರಿಕೊಂಡರು. 1844ರಲ್ಲಿ ತಂದೆ ಮಕ್ಕಳೊಂದಿಗೆ ಅಮೆರಿಕಕ್ಕೆ ಬಂದು ಇಲಿನಾಯ್ ರಾಜ್ಯದ ರಷ್‌ವಿಲ್‌ನಲ್ಲಿ ನೆಲೆಸಿ, ಮತ್ತೆ ಮದುವೆಯಾದರು. ಮನೆ ತುಂಬ ಮಕ್ಕಳು. ಕೊನೆಯ ತಮ್ಮ ಎಡ್ವರ್ಡ್ ಎಲೆನ್‌ಗಿಂತ ಸುಮಾರು 18 ವರ್ಷ ಚಿಕ್ಕವನು. ಅವನಿಗೆ ಓದಿನ ರುಚಿ ಹತ್ತಿಸಿದವಳು ಈ ಅಕ್ಕನೇ.

ಹಳ್ಳಿ ಶಾಲೆಯಲ್ಲಿ ಪಾಠ ಹೇಳಿ ಕೂಡಿಸಿದ ಹಣದಿಂದ ಎಲೆನ್ ನಾಕ್ಸ್ ಕಾಲೇಜು ಸೇರಿದರು. 1859ರಲ್ಲಿ ಓದು ಮುಗಿಯಿತು. ಆದರೆ ಆಗ ಅಲ್ಲಿ ಪದವಿ ಗಂಡುಮಕ್ಕಳಿಗೆ ಮಾತ್ರ. ಹೆಣ್ಣುಮಕ್ಕಳಿಗೆ ಸಿಗುತ್ತಿದ್ದದ್ದು ಒಂದು ಪ್ರಮಾಣಪತ್ರ. ಎಲೆನ್ ಅದನ್ನೇ ಹಿಡಿದು ಮತ್ತೆ ಶಾಲೆಯ ಕೆಲಸಕ್ಕೆ ಮರಳಿದರು.

1873ರಲ್ಲಿ ಅಣ್ಣ ಜೇಮ್ಸ್ ಡೆಟ್ರಾಯಿಟ್‌ನಲ್ಲಿ ಪತ್ರಿಕೆ ಶುರುಮಾಡಿದಾಗ, ಎಲೆನ್ ತಮ್ಮ ಉಳಿತಾಯವನ್ನು ಅದಕ್ಕೆ ಹಾಕಿ ತಾವೂ ದುಡಿಮೆಗೆ ನಿಂತರು. ಕರಡು ತಿದ್ದಿದರು, ಅಂಕಣ ಬರೆದರು. ಮುಂದೆ ತಮ್ಮ ಎಡ್ವರ್ಡ್ ಕಟ್ಟಿದ ಪತ್ರಿಕೆಗಳಿಗೂ ಹಣ ಹೂಡಿದರು. ಪತ್ರಿಕೆಗಳು ಬೆಳೆದಂತೆ ಸಂಪತ್ತೂ ಬೆಳೆಯಿತು. ಆದರೆ ಅವರ ಸರಳ ಬದುಕು ಬದಲಾಗಲಿಲ್ಲ. ಮದುವೆಯಾಗಲಿಲ್ಲ. 60 ದಾಟಿದ ಮೇಲೆ ಕ್ಯಾಲಿಫೋರ್ನಿಯಾದ ಲಾ ಹೋಯಾ ಎಂಬ ಕಡಲತೀರದ ಊರಿನಲ್ಲಿ ನೆಲೆಸಿ, ಗಳಿಸಿದ್ದನ್ನು ಕೊಡಲು ತೊಡಗಿದರು. ಸಾಗರ ವಿಜ್ಞಾನ ಸಂಸ್ಥೆ, ಆಸ್ಪತ್ರೆ, ಮಹಿಳಾ ಸಂಘದ ಕಟ್ಟಡ, ಮಕ್ಕಳು ಈಜಲು ಕಡಲ ಕೊಳ, ಹೀಗೆ ಪಟ್ಟಿ ಉದ್ದವಿದೆ.

ಇತ್ತ 1887ರಲ್ಲಿ ಸ್ಥಾಪನೆಯಾಗಿ ಕ್ಲೇರ್‌ಮಾಂಟ್‌ನಲ್ಲಿ ನೆಲೆಯೂರಿದ್ದ ಪೊಮೋನಾ ಕಾಲೇಜಿಗೆ ವಿದ್ಯಾರ್ಥಿಗಳ ಒತ್ತಡ ಹೆಚ್ಚುತ್ತಿತ್ತು. ದೊಡ್ಡದಾದರೆ ಗುರುಶಿಷ್ಯರ ಹತ್ತಿರದ ಒಡನಾಟ ಹೋಗುತ್ತದೆ. ಚಿಕ್ಕದಾಗಿಯೇ ಉಳಿದರೆ ಒಳ್ಳೆಯ ಗ್ರಂಥಾಲಯಕ್ಕೆ ಹಣ ಸಾಲದು. ಅಧ್ಯಕ್ಷ ಜೇಮ್ಸ್ ಬ್ಲೇಸ್‌ಡೆಲ್ ಅವರು ಆಕ್ಸ್‌ಫರ್ಡ್ ಮಾದರಿಯಲ್ಲಿ ದಾರಿ ಕಂಡರು: ಒಂದೇ ಕಾಲೇಜನ್ನು ಹಿಗ್ಗಿಸುವ ಬದಲು ಅಕ್ಕಪಕ್ಕದಲ್ಲಿ ಹಲವು ಸಣ್ಣ ಕಾಲೇಜುಗಳು, ಅವುಗಳಿಗೆಲ್ಲ ಹಂಚಿಕೊಂಡ ಗ್ರಂಥಾಲಯ ಮತ್ತು ಸೌಲಭ್ಯಗಳು. 1923ರಲ್ಲಿ ಅವರು ಎಲೆನ್‌ಗೆ ಪತ್ರ ಬರೆದು ಈ ಯೋಜನೆ ವಿವರಿಸಿದರು. ಆಗ ಎಲೆನ್‌ಗೆ ಸುಮಾರು 87 ವರ್ಷ.

ಎಲೆನ್ ಮೊದಲು ಜಮೀನು ಕೊಳ್ಳಲು ಹಣ ಕೊಟ್ಟರು. ಆ ಜಮೀನು ಒಂದು ಕಾಲೇಜಿಗೆ ಬೇಕಾದಷ್ಟೇ ಅಲ್ಲ. ಇನ್ನೂ ಹುಟ್ಟದ ಕಾಲೇಜುಗಳಿಗೂ ಆಗುವಷ್ಟು. 1925ರಲ್ಲಿ ಕ್ಲೇರ್‌ಮಾಂಟ್ ಕಾಲೇಜುಗಳ ಒಕ್ಕೂಟ ರೂಪುಗೊಂಡಿತು. 1926ರಲ್ಲಿ ಅವರ ಹೆಸರಿನ ಮಹಿಳಾ ಕಾಲೇಜು ಸ್ಥಾಪನೆಯಾಗಿ, ಮರುವರ್ಷ 50 ವಿದ್ಯಾರ್ಥಿನಿಯರೊಂದಿಗೆ ಪಾಠ ಶುರುವಾಯಿತು. ತಮಗೆ ಸಿಗದ ಪದವಿಯನ್ನು ಇತರ ಹೆಣ್ಣುಮಕ್ಕಳಿಗೆ ಕೊಡುವ ಕಾಲೇಜು ಅದು. 1932ರಲ್ಲಿ, 95ನೆಯ ವಯಸ್ಸಿನಲ್ಲಿ, ಎಲೆನ್ ಕಣ್ಣುಮುಚ್ಚಿದರು.

ವಠಾರ ಮಾತ್ರ ಬೆಳೆಯುತ್ತ ಹೋಯಿತು. 1946, 1955, 1963ರಲ್ಲಿ ಒಂದೊಂದು ಕಾಲೇಜು ಸೇರಿಕೊಂಡಿತು. ಇಂದು ಅಲ್ಲಿ ಐದು ಪದವಿ ಕಾಲೇಜುಗಳು, ಎರಡು ಸ್ನಾತಕೋತ್ತರ ಸಂಸ್ಥೆಗಳಿವೆ. ಗ್ರಂಥಾಲಯ, ಆರೋಗ್ಯ ಕೇಂದ್ರ, ಆಪ್ತಸಮಾಲೋಚನೆ, ಕಾವಲು ವ್ಯವಸ್ಥೆ ಎಲ್ಲರಿಗೂ ಸೇರಿದ್ದು. ಒಂದು ಕಾಲೇಜಿನ ಹುಡುಗಿ ಇನ್ನೊಂದರಲ್ಲಿ ಪಾಠ ಕೇಳಿ, ಮತ್ತೊಂದರ ಊಟದ ಮನೆಯಲ್ಲಿ ಉಣ್ಣಬಹುದು. ಪದವಿ ಮಾತ್ರ ತನ್ನ ಕಾಲೇಜಿನದೇ.

ಹೊರನಾಡಿನಲ್ಲಿ ಒಂದೇ ಊರಿನೊಳಗೆ ನಮ್ಮ ಸಂಘಗಳೂ ಹಲವು. ಪ್ರತಿಯೊಂದಕ್ಕೂ ತನ್ನದೇ ಸಭಾಂಗಣ, ತನ್ನದೇ ಪುಸ್ತಕದ ಕಪಾಟು ಬೇಕೆಂಬ ಆಸೆ. ಹೆಸರು ಬೇರೆ ಇದ್ದರೂ ಅಂಗಳ ಒಂದೇ ಆಗಬಹುದೆಂದು ನಂಬಿ, ಮುಂದೆ ಬರುವವರಿಗೂ ಜಾಗ ಬಿಟ್ಟ ಆ ಅಜ್ಜಿ, ಅಂಥ ಹೊತ್ತಿನಲ್ಲಿ ನೆನಪಾಗಲಿ.