ಮುಂಜಾವದ ಪಾಠ
(ಪಂಡಿತಾ ರಮಾಬಾಯಿಯವರ ಚರಿತ್ರೆ)

ನಮ್ಮ ಸೀಮೆಯಲ್ಲಿ ಯಾಣದ ಬಂಡೆಗಳ ಹೆಸರನ್ನು ಕೇಳದವರು ವಿರಳ. ಕುಮಟಾ ತಾಲೂಕಿನ ದಟ್ಟವಾದ ಅಡವಿಯ ನಡುವೆ ಭೈರವೇಶ್ವರ ಶಿಖರವು ಸುಮಾರು 120 ಮೀಟರುಗಳಷ್ಟೂ ಮೋಹಿನಿ ಶಿಖರವು ಸುಮಾರು 90 ಮೀಟರುಗಳಷ್ಟೂ ಎತ್ತರವಾಗಿ, ಕರ್ರಗೆ ಎದ್ದು ನಿಂತಿರುವವು. ಸೊಕ್ಕಿದ್ದವನಿಗೆ ಯಾಣ, ರೊಕ್ಕವಿದ್ದವನಿಗೆ ಗೋಕರ್ಣ ಎಂಬ ಗಾದೆಯು ಹುಟ್ಟಿದ ಕಾಲದಲ್ಲಿ ಅಲ್ಲಿಗೆ ಹೋಗುವ ದಾರಿಯು ಅಷ್ಟು ದುರ್ಗಮವಾಗಿತ್ತು. ಆ ಶಿಖರಗಳ ಮೊನೆಗಳನ್ನೂ ಸೀಳುಗಳನ್ನೂ ಕಡೆದದ್ದು ಯಾವ ಶಿಲ್ಪಿಯ ಉಳಿಯೂ ಅಲ್ಲ; ಸುಣ್ಣಕಲ್ಲಿನ ಮೇಲೆ ವರುಷ ವರುಷವೂ ಬಿದ್ದು ಹರಿದ ಮಳೆಯ ನೀರೇ ಅದನ್ನು ಮಾಡಿತು. ಒಂದು ಹನಿಯು ಬಂಡೆಗೆ ಏನನ್ನೂ ಮಾಡಿದಂತೆ ಕಾಣುವುದಿಲ್ಲ. ಆದರೆ ಹನಿಯು ಬೀಳುವುದನ್ನು ಬಿಡಲಿಲ್ಲವಾದ್ದರಿಂದ ಬಂಡೆಯು ಬೇರೊಂದು ರೂಪವನ್ನು ತಾಳಿತು.

ಮನುಷ್ಯರ ವಿದ್ಯೆಯೂ ಶೀಲವೂ ಹೀಗೆಯೇ ಬೆಳೆಯುತ್ತವೆಂದು ನಾವು ಮಕ್ಕಳಿಗೆ ಹೇಳುವುದುಂಟು. ಆದರೆ ಬರೀ ಉಪದೇಶಕ್ಕಿಂತ ಬಾಳಿ ತೋರಿಸಿದವರ ಚರಿತ್ರೆಯು ಮನಸ್ಸಿಗೆ ಬೇಗ ನಾಟುತ್ತದೆ. ಆದಕಾರಣ ಈ ಸಂಚಿಕೆಯಲ್ಲಿ ನಮ್ಮ ಸಹ್ಯಾದ್ರಿಯ ಕಾಡಿನಲ್ಲಿಯೇ ಹುಟ್ಟಿ ಲೋಕವಿಖ್ಯಾತರಾದ ಒಬ್ಬ ಮಹಿಳೆಯ ಜೀವನವನ್ನು ವಾಚಕರ ಮುಂದಿಡುತ್ತೇವೆ.

ಯಾಣವಿರುವ ಈ ಪರ್ವತಶ್ರೇಣಿಯನ್ನೇ ಹಿಡಿದು ತೆಂಕಣಕ್ಕೆ ಬಹುದೂರ ಸಾಗಿದರೆ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲವು ಸಿಕ್ಕುತ್ತದೆ. ಅಲ್ಲಿಯ ಅರಣ್ಯದ ಒಂದು ಆಶ್ರಮದಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿಯವರು ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು. ಅವರ ಮನೆತನವು ಕಾರ್ಕಳದ ಬಳಿಯ ಮಾಳ ಗ್ರಾಮದ್ದು. ಶಾಸ್ತ್ರಿಗಳು ತರುಣರಾಗಿದ್ದಾಗ ಪುಣೆಯ ಪೇಶ್ವೆಯವರ ಅರಮನೆಯಲ್ಲಿ ರಾಣಿಯೊಬ್ಬಳು ಸಂಸ್ಕೃತವನ್ನು ಕಲಿಯುತ್ತಿದ್ದುದನ್ನು ಕಂಡು ವಿಸ್ಮಿತರಾದರು. ಹೆಂಗಸರಿಗೂ ದೇವಭಾಷೆಯು ಬರುವುದಾದರೆ ತನ್ನ ಮನೆಯಲ್ಲಿಯೂ ಏಕೆ ಬರಬಾರದೆಂಬ ವಿಚಾರವು ಅವರ ಮನಸ್ಸಿನಲ್ಲಿ ಅಂದೇ ಬೇರೂರಿತು. ಮುಂದೆ ಅವರು ತಮ್ಮ ಕಿರಿಯ ಪತ್ನಿಯಾದ ಲಕ್ಷ್ಮೀಬಾಯಿಯವರಿಗೆ ತಾವೇ ಸಂಸ್ಕೃತವನ್ನು ಕಲಿಸಿದರು. ಇದು ಆ ಕಾಲದವರಿಗೆ ಸಹನೆಯಾಗಲಿಲ್ಲ. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ಶಾಸ್ತ್ರಿಗಳು ತಮ್ಮ ನಡತೆಯನ್ನು ಶಾಸ್ತ್ರಗಳ ಆಧಾರದಿಂದಲೇ ಸಮರ್ಥಿಸಿಕೊಳ್ಳಬೇಕಾಯಿತು. ಹಾಗೆ ಮಾಡಿ ಗೆದ್ದರೂ ಊರಿನ ಗೊಡವೆ ಬೇಡವೆಂದು ಅವರು ಕಾಡನ್ನು ಸೇರಿದರು.

ಆಶ್ರಮಕ್ಕೆ ಬರುವ ವಿದ್ಯಾರ್ಥಿಗಳನ್ನೂ ಯಾತ್ರಿಕರನ್ನೂ ಉಪಚರಿಸುವುದರಲ್ಲಿ ಶಾಸ್ತ್ರಿಗಳ ಕೈ ಬರಿದಾಯಿತು. ರಮಾಬಾಯಿಯವರು ಆರು ತಿಂಗಳ ಕೂಸಾಗಿದ್ದಾಗ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳೊಬ್ಬನು ತಲೆಯ ಮೇಲೆ ಹೊತ್ತುಕೊಂಡು ಬೆಟ್ಟವನ್ನಿಳಿದನು. ಆ ಮೇಲೆ ಅವರಿಗೆ ಸ್ಥಿರವಾದ ಮನೆಯೆಂಬುದೇ ಇರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ದೇವಾಲಯಗಳಲ್ಲಿ ಪುರಾಣವನ್ನು ಓದಿ, ಕೇಳಿದವರು ಕೊಟ್ಟದ್ದರಿಂದ ಜೀವಿಸುತ್ತಿದ್ದರು.

ಮಗಳಿಗೆ ಎಂಟು ವರುಷ ತುಂಬುವಷ್ಟರಲ್ಲಿ ತಂದೆಯವರು ಮುದುಕರಾಗಿದ್ದರು. ಪಾಠ ಹೇಳುವ ಶಕ್ತಿಯು ಅವರಲ್ಲಿ ಉಳಿದಿರಲಿಲ್ಲ. ಆಗ ತಾಯಿಯೇ ಗುರುವಾದರು. ಆದರೆ ಆ ತಾಯಿಗೆ ಬಿಡುವೆಲ್ಲಿತ್ತು? ಹಗಲೆಲ್ಲಾ ಅಡುಗೆ, ವ್ರತ, ಪತಿಯ ಶುಶ್ರೂಷೆ, ದಾರಿಯ ಆಯಾಸ. ಬಿಡುವು ದೊರೆತ ಮೇಲೆ ಕಲಿಸೋಣವೆಂದು ಅವರು ಕಾದಿದ್ದರೆ ಆ ದಿನವು ಎಂದಿಗೂ ಬರುತ್ತಿರಲಿಲ್ಲ. ಆದ್ದರಿಂದ ಅವರು ತಮ್ಮ ನಿದ್ರೆಯಿಂದಲೇ ಒಂದು ಭಾಗವನ್ನು ತೆಗೆದಿಟ್ಟರು. ಬೆಳಕು ಹರಿಯುವ ಮೊದಲೇ ಎದ್ದು, ಮಲಗಿದ್ದ ಮಗಳನ್ನು ತೋಳಿಗೆ ತೆಗೆದುಕೊಂಡು, ಅಕ್ಕರೆಯ ಮಾತಿನಿಂದ ಎಚ್ಚರಿಸುವರು. ಹಕ್ಕಿಗಳು ಕೂಗಲಾರಂಭಿಸುವ ಆ ಹೊತ್ತಿನಲ್ಲಿ ತಾಯಿಯು ಹೇಳುವರು, ಮಗಳು ತಿರುಗಿ ಹೇಳುವಳು. ಸೂರ್ಯೋದಯವಾಗಿ ಮನೆಗೆಲಸವು ಕರೆಯುವಷ್ಟರಲ್ಲಿ ಆ ದಿನದ ಪಾಠವು ಮುಗಿದಿರುತ್ತಿತ್ತು. ಇಂದು ಒಂದು ಊರಿನ ಜಗುಲಿ, ನಾಳೆ ಇನ್ನೊಂದು ಊರಿನ ಛತ್ರ. ಸ್ಥಳವು ಬದಲಾದರೂ ಹೊತ್ತು ಬದಲಾಗಲಿಲ್ಲ. ಈ ಕ್ರಮವು ರಮಾಬಾಯಿಯವರಿಗೆ ಹದಿನೈದು ವರುಷವಾಗುವ ವರೆಗೂ ನಡೆಯಿತು.

ಹನ್ನೆರಡನೆಯ ವಯಸ್ಸಿಗೆ ರಮಾಬಾಯಿಯವರಿಗೆ ಭಾಗವತದ 18,000 ಶ್ಲೋಕಗಳು ಕಂಠಪಾಠವಾಗಿದ್ದವೆಂದು ಅವರ ಚರಿತ್ರೆಗಳಲ್ಲಿ ಬರೆದಿದೆ. ಈ ಸಂಖ್ಯೆಯನ್ನು ಕೇಳಿದವರು ಹುಬ್ಬೇರಿಸಿ, ಇದು ಸಾಮಾನ್ಯರ ಕೆಲಸವಲ್ಲವೆಂದು ಕೈಬಿಡುವುದು ಸಹಜ. ಆದರೆ ಲೆಕ್ಕವನ್ನು ಹಾಕಿ ನೋಡೋಣ. ಎಂಟರಿಂದ ಹನ್ನೆರಡರ ವರೆಗಿನ ನಾಲ್ಕು ವರುಷಗಳಲ್ಲಿ ಸುಮಾರು 1,460 ಮುಂಜಾವಗಳಾದವು. ಮುಂಜಾವ ಒಂದಕ್ಕೆ ಹನ್ನೆರಡು ಹದಿಮೂರು ಶ್ಲೋಕಗಳು ಬೀಳುತ್ತವೆ. ಚುರುಕಾದ ಮಗುವಿಗೆ ಇದು ಅಸಾಧ್ಯವಾದ ಹೊರೆಯಲ್ಲ. ಅಸಾಧಾರಣವಾದದ್ದು ಆ ಮಗುವಿನ ಜ್ಞಾಪಕಶಕ್ತಿಯೊಂದೇ ಅಲ್ಲ. ಒಂದು ಮುಂಜಾವವನ್ನೂ ಬರಿದಾಗಿ ಹೋಗಗೊಡದ ತಾಯಿಯ ನಿಷ್ಠೆಯೂ ಅಷ್ಟೇ ಅಸಾಧಾರಣವಾದದ್ದು.

ಈ ಸಂಪತ್ತಿನ ಬೆಲೆಯು ಮುಂದೆ ತಿಳಿದುಬಂದಿತು. ದಕ್ಷಿಣದಲ್ಲಿ ಕ್ಷಾಮವು ತಲೆದೋರಿತು. ಇದ್ದ ಒಡವೆ ಪಾತ್ರೆಗಳೆಲ್ಲಾ ಮಾರಿಹೋದವು. ಕೂಲಿ ಮಾಡುವುದನ್ನು ಕುಲಗೌರವವು ತಡೆಯಿತು. ಭಿಕ್ಷೆ ಬೇಡಲು ಬಾಯಿ ಬರಲಿಲ್ಲ. ಒಮ್ಮೆ ಕಾಡಿನಲ್ಲಿ ಹನ್ನೊಂದು ದಿನಗಳ ಕಾಲ ನೀರು, ಎಲೆ ಮತ್ತು ಒಂದು ಹಿಡಿ ಕಾಡು ಈಚಲ ಹಣ್ಣುಗಳ ಮೇಲೆ ಆ ಕುಟುಂಬವು ಪ್ರಾಣವನ್ನು ಹಿಡಿದುಕೊಂಡಿತು. 1874ರ ಸುಮಾರಿಗೆ ತಂದೆಯವರು ತೀರಿಕೊಂಡರು. ಕೆಲವು ವಾರಗಳಲ್ಲಿಯೇ ತಾಯಿಯೂ, ಆ ಮೇಲೆ ಅಕ್ಕನೂ ಹೋದರು. ಉಳಿದವರು ರಮಾಬಾಯಿಯವರೂ ಅಣ್ಣ ಶ್ರೀನಿವಾಸನೂ ಮಾತ್ರ. ಮನೆಯಿಲ್ಲ, ಹಣವಿಲ್ಲ, ಬಂಧುಗಳಿಲ್ಲ. ಆದರೆ ತಾಯಿಯು ಕಿವಿಯಲ್ಲಿ ಹೇಳಿದ ಪಾಠವನ್ನು ಕ್ಷಾಮವು ಕಸಿಯಲಾರದೆ ಹೋಯಿತು. ನಮ್ಮ ಮನೆಗಳಲ್ಲಿ ಹೆಣ್ಣುಮಗಳಿಗೆ ಕೊಡುವ ಬಂಗಾರವು ಬರಗಾಲದಲ್ಲಿ ಮೊದಲು ಮಾರುವ ವಸ್ತುವಾಗುವುದು. ಈ ಬಳುವಳಿಯಾದರೋ ಕಷ್ಟದಲ್ಲಿ ಇನ್ನಷ್ಟು ಉಪಯೋಗಕ್ಕೆ ಬಂದಿತು.

ಅಣ್ಣತಂಗಿಯರು ಸಾವಿರಾರು ಮೈಲಿ ದೇಶಸಂಚಾರವನ್ನು ಮಾಡಿ, ಹೆಚ್ಚಾಗಿ ಕಾಲ್ನಡೆಯಿಂದಲೇ ಸಾಗಿ, 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರುಷದ ಈ ತರುಣಿಯನ್ನು ಪರೀಕ್ಷಿಸಿ, ಪಂಡಿತಾ ಎಂಬ ಬಿರುದನ್ನೂ ಸರಸ್ವತೀ ಎಂಬ ಬಿರುದನ್ನೂ ಕೊಟ್ಟರು. ಕಂಠಪಾಠದ ವಿದ್ಯೆಯು ಇಲ್ಲಿ ಇನ್ನೊಂದು ಮೆಟ್ಟಲನ್ನು ಹತ್ತಿತು. ಧರ್ಮಶಾಸ್ತ್ರಗಳನ್ನು ಬೆದಕಿ ನೋಡಿದಾಗ ಅವುಗಳಲ್ಲಿ ಸ್ತ್ರೀಯರಿಗೂ ಶೂದ್ರರಿಗೂ ಕೊಟ್ಟಿರುವ ಸ್ಥಾನವು ಎಂಥದೆಂಬುದು ಅವರಿಗೆ ಕಂಡುಬಂದು, ಬಾಯಿಯಿಂದ ಒಪ್ಪಿಸಿದ್ದನ್ನು ಬುದ್ಧಿಯಿಂದ ವಿಚಾರಿಸಲು ತೊಡಗಿದರು. ರೂಢಿಯು ಮನಸ್ಸನ್ನು ಮಂದಗೊಳಿಸುವುದೆಂದು ಹೇಳುವವರುಂಟು. ರಮಾಬಾಯಿಯವರಲ್ಲಿ ಅದು ಮನಸ್ಸಿಗೆ ಅಡಿಪಾಯವಾಯಿತು.

ದುಃಖಗಳು ಇನ್ನೂ ಮುಗಿದಿರಲಿಲ್ಲ. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರುಷ ಅವರು ಜಾತಿಯ ಕಟ್ಟನ್ನು ಮೀರಿ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿದಾಸ್ ಮೇಧಾವಿಯವರನ್ನು ಮದುವೆಯಾದರು. 1881ರಲ್ಲಿ ಮಗಳು ಮನೋರಮೆಯು ಹುಟ್ಟಿದಳು. 1882ರ ಫೆಬ್ರುವರಿಯಲ್ಲಿ ಪತಿಯು ವಾಂತಿಭೇದಿಯಿಂದ ಮೃತಪಟ್ಟರು. ಕಂಕುಳಲ್ಲಿ ಕೂಸನ್ನು ಹೊತ್ತ ಇಪ್ಪತ್ತನಾಲ್ಕು ವರುಷದ ಈ ವಿಧವೆಯು ಪುಣೆಗೆ ಬಂದು, ಅದೇ ವರುಷ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಸ್ತ್ರೀಧರ್ಮನೀತಿ ಎಂಬ ಮರಾಠೀ ಪುಸ್ತಕವನ್ನು ಬರೆದು, ಸರಕಾರದ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳ ವಿದ್ಯೆಯನ್ನು ಕುರಿತು ಸಾಕ್ಷಿ ನುಡಿದರು.

1883ರಲ್ಲಿ ವೈದ್ಯಶಾಸ್ತ್ರವನ್ನು ಕಲಿಯಬೇಕೆಂಬ ಆಸೆಯಿಂದ ಇಂಗ್ಲೆಂಡಿಗೆ ಹೋದರು. ಆದರೆ ಕಿವಿಯ ಮಂದತೆಯು ಆ ದಾರಿಯನ್ನು ಮುಚ್ಚಿತು. ಕೇಳಿ ಕೇಳಿಯೇ ವಿದ್ಯಾವತಿಯಾದವರಿಗೆ ಕಿವಿಯೇ ಕೈಕೊಟ್ಟಿತೆಂದರೆ ಅದೆಂಥ ಪರೀಕ್ಷೆ! ಅವರು ಹಿಂದಿರುಗಲಿಲ್ಲ. ಆ ವರುಷದ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಹೊಂದಿ ಕ್ರೈಸ್ತರಾದರು. ಅನಂತರ ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುತ್ತಾ ತಾವೂ ಕಲಿತರು. 1886ರಲ್ಲಿ ಅಮೇರಿಕೆಗೆ ಹೋಗಿ ಚಿಕ್ಕ ಮಕ್ಕಳಿಗೆ ಆಟದ ಮೂಲಕ ಪಾಠ ಹೇಳುವ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಾಸ ಮಾಡಿದರು. ಉಚ್ಚಕುಲದ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪುಸ್ತಕವನ್ನು ಅವರು ಅರ್ಪಿಸಿದ್ದು ತಮ್ಮ ತಾಯಿಯ ನೆನಪಿಗೆ.

1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ಅವರು ಶಾರದಾ ಸದನವನ್ನು ತೆರೆದಾಗ ವಿದ್ಯಾರ್ಥಿನಿಯರು ಬೆರಳಲ್ಲಿ ಎಣಿಸುವಷ್ಟೇ ಇದ್ದರು. ಅವರಲ್ಲಿ ಒಬ್ಬಳು ಗೋದೂಬಾಯಿಯೆಂಬ ಬಾಲವಿಧವೆ. ಮುಂದೆ ಮಹಿಳಾ ವಿದ್ಯಾಪೀಠವನ್ನು ಕಟ್ಟಿದ ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ಆಕೆಯನ್ನು ಮದುವೆಯಾದರು. ಸದನವು ಪುಣೆಗೆ ಬಂದ ಮೇಲೆ, ಅಲ್ಲಿ ಮತಾಂತರ ನಡೆಯುವುದೆಂಬ ಆಕ್ಷೇಪವು ಎದ್ದು, ಅನೇಕ ಪಾಲಕರು 1893ರಲ್ಲಿ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಉಳಿದವರಿಗೆ ಪಾಠವು ನಡೆಯುತ್ತಲೇ ಇತ್ತು. 1896–97ರ ಕ್ಷಾಮದಲ್ಲಿ ತಮ್ಮ ಬಾಲ್ಯದ ಹಸಿವನ್ನು ನೆನೆದು ಅವರು ಮಧ್ಯಪ್ರಾಂತಗಳಿಗೆ ಹೋಗಿ ನೂರಾರು ಅನಾಥ ಹುಡುಗಿಯರನ್ನು ಕರೆತಂದರು. ಪುಣೆಯ ಬಳಿಯ ಕೇಡಗಾಂವದಲ್ಲಿ ಮುಕ್ತಿ ಸದನವು ಹೀಗೆ ಬೆಳೆಯಿತು. ಅಲ್ಲಿ ಅಕ್ಷರದೊಂದಿಗೆ ನೇಯ್ಗೆ, ಬೇಸಾಯ, ಮುದ್ರಣಗಳನ್ನೂ ಹುಡುಗಿಯರಿಗೆ ಕಲಿಸಿದರು. ತನ್ನ ಕುಲವು ಕೈಗೆಲಸವನ್ನು ಕೀಳೆಂದು ತಿಳಿದು ಹಸಿದು ಸತ್ತುದನ್ನು ಕಂಡವರು ಆ ತಪ್ಪನ್ನು ಮುಂದಿನ ಪೀಳಿಗೆಗೆ ಉಳಿಸಲಿಲ್ಲ. ನಮ್ಮ ಕನ್ನಡನಾಡಿಗೂ ಈ ಪುಣ್ಯದ ಪಾಲು ಬಂದಿತು: 1912ರ ಸುಮಾರಿಗೆ ಗುಲಬರ್ಗೆಯಲ್ಲಿ ಹೆಣ್ಣುಮಕ್ಕಳ ಶಾಲೆಯು ಪ್ರಾರಂಭವಾಗಿ, ಮನೋರಮಾಬಾಯಿಯವರು ಅದನ್ನು ನಡೆಸಿದರು.

ರಮಾಬಾಯಿಯವರ ಕೊನೆಯ ಕೆಲಸವು ಮೊದಲನೆಯ ಪಾಠದಂತೆಯೇ ಇತ್ತು. ಹಳ್ಳಿಯ ಹೆಂಗಸರಿಗೂ ತಿಳಿಯುವ ಸುಲಭ ಮರಾಠಿಯಲ್ಲಿ ಸತ್ಯವೇದವನ್ನು ಮೂಲಭಾಷೆಗಳಿಂದಲೇ ತರಬೇಕೆಂದು ನಿಶ್ಚಯಿಸಿ, ನಡುವಯಸ್ಸು ದಾಟಿದ ಮೇಲೆ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿದರು. ನೂರಾರು ಹುಡುಗಿಯರ ಅನ್ನವಸ್ತ್ರಗಳ ಚಿಂತೆಯ ನಡುವೆ ಈ ಕೆಲಸಕ್ಕೆ ಸುಮಾರು ಹದಿನೇಳು ವರುಷಗಳು ಹಿಡಿದವು. ಸತ್ಯವೇದದಲ್ಲಿ 31,000ಕ್ಕೂ ಮಿಕ್ಕಿದ ವಚನಗಳಿವೆ. ದಿನವೊಂದಕ್ಕೆ ಐದೇ ವಚನಗಳಾದವು. ಚಿಕ್ಕಂದಿನಲ್ಲಿ ಹನ್ನೆರಡು ಶ್ಲೋಕ, ಮುಪ್ಪಿನಲ್ಲಿ ಐದು ವಚನ! ಅಳತೆಯು ಕಡಿಮೆಯಾಯಿತೇ ಹೊರತು ನಡೆಯು ನಿಲ್ಲಲಿಲ್ಲ. 1921ರ ಜುಲೈಯಲ್ಲಿ ಒಬ್ಬಳೇ ಮಗಳು ಮನೋರಮೆಯು ತೀರಿಹೋದಾಗಲೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರು ಕಾಲವಾದರು. ಮುಕ್ತಿ ಸದನದ ಮುದ್ರಣಾಲಯದಲ್ಲಿಯೇ ಸಿದ್ಧವಾದ ಆ ಗ್ರಂಥವು 1924ರಲ್ಲಿ ಸಂಪೂರ್ಣವಾಗಿ ಹೊರಬಂದಿತು. ಮುಕ್ತಿ ಸದನವು ಇಂದಿಗೂ ನಡೆಯುತ್ತಿದೆ.

ಈ ಚರಿತ್ರೆಯಿಂದ ನಾವು ಗ್ರಹಿಸತಕ್ಕದ್ದೇನು? ನಾವೆಲ್ಲರೂ ಪಂಡಿತೆಯರಾಗಬೇಕೆಂದಲ್ಲ. ಆದರೆ ಲಕ್ಷ್ಮೀಬಾಯಿಯವರ ಕ್ರಮದಲ್ಲಿದ್ದ ಮೂರು ಸಂಗತಿಗಳು ಯಾವ ಮನೆಗೂ ಎಟುಕುವಂಥವು. ಮೊದಲನೆಯದು, ಗೊತ್ತಾದ ಹೊತ್ತು. ಬಿಡುವಾದಾಗ ಮಾಡೋಣವೆಂದ ಕೆಲಸವು ಉಳಿದೇ ಹೋಗುತ್ತದೆ. ಒಲೆ ಹಚ್ಚುವ ಮೊದಲು ಅಥವಾ ಗಂಜಿಯುಂಡ ಮೇಲೆ ಎಂದು ಇನ್ನೊಂದು ಕೆಲಸಕ್ಕೆ ಗಂಟು ಹಾಕಿದ್ದು ನಡೆಯುತ್ತದೆ. ಎರಡನೆಯದು, ಸಣ್ಣ ಅಳತೆ. ಹೊಸ ಉತ್ಸಾಹದಲ್ಲಿ ಒಂದೇ ದಿನ ನೂರು ಪುಟ ಓದಿ ಮರುದಿನ ಪುಸ್ತಕವನ್ನು ಅಟ್ಟಕ್ಕೇರಿಸುವುದಕ್ಕಿಂತ, ಅಡಿಕೆ ಸುಲಿಯುವ ಕಾಲದಲ್ಲಿಯೂ ಮನೆಯಲ್ಲಿ ಕಾಯಿಲೆಯಿರುವಾಗಲೂ ಬಿಡದೆ ಮಾಡಬಹುದಾದ ಒಂದು ಪುಟವೇ ಮೇಲು. ಮೂರನೆಯದು, ಅಕ್ಕರೆ. ಆ ತಾಯಿಯು ಮಗುವನ್ನು ಗದರಿಸಿ ಎಬ್ಬಿಸಲಿಲ್ಲ. ತೋಳಿನಲ್ಲಿ ಹಿಡಿದು ಎಬ್ಬಿಸಿದರು. ಆದ್ದರಿಂದಲೇ ಪಾಠದ ಹೊತ್ತು ಮಗಳಿಗೆ ಶಿಕ್ಷೆಯಾಗದೆ, ಬಾಳಿನುದ್ದಕ್ಕೂ ಸವಿನೆನಪಾಗಿ ಉಳಿಯಿತು.

ಈ ಶಾಲೆಯಲ್ಲಿ ಕಲಿತು ಹೋದ ಸಹೋದರಿಯರಲ್ಲಿ ಅನೇಕರು ಈಗ ತಾಯಂದಿರೂ ಅಜ್ಜಿಯರೂ ಆಗಿದ್ದೀರಿ. ಸಂಸಾರದ ಭಾರದಲ್ಲಿ ಕಲಿತದ್ದು ಮರೆತುಹೋಯಿತೆಂಬ ನಿಮ್ಮ ವ್ಯಸನವನ್ನು ನಾವು ಬಲ್ಲೆವು. ಮರೆತದ್ದನ್ನೆಲ್ಲಾ ಒಮ್ಮೆಗೇ ತಂದುಕೊಳ್ಳಬೇಕಾಗಿಲ್ಲ. ದಿನಕ್ಕೆ ನಾಲ್ಕು ಸಾಲು ಓದುವುದು, ಎರಡು ಸಾಲು ಬರೆಯುವುದು, ಮನೆಯ ಜಮಾಖರ್ಚನ್ನು ಆಯಾ ದಿನವೇ ಗುರುತಿಸುವುದು, ಒಂದು ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಒಂದು ಪಾಠವನ್ನು ಹೇಳಿಕೊಡುವುದು, ಇಷ್ಟರಿಂದ ಆರಂಭಿಸಬಹುದು. ಹುಡುಗಿಯರ ತಂದೆತಾಯಿಗಳಲ್ಲಿಯೂ ನಮ್ಮದೊಂದು ಬಿನ್ನಹವಿದೆ: ಮಗಳಿಗೆ ಕೊಡುವುದರಲ್ಲೆಲ್ಲಾ ಮುಂಜಾವದ ಒಂದು ತಾಸನ್ನೂ ಸೇರಿಸಿರಿ, ಆ ಹೊತ್ತಿನಲ್ಲಿ ಆಕೆಯನ್ನು ನೀರಿಗೂ ಕಸಕ್ಕೂ ಕರೆಯಬೇಡಿರಿ. ಲಕ್ಷ್ಮೀಬಾಯಿಯವರು ತಮ್ಮ ಮಗಳ ಕೀರ್ತಿಯನ್ನು ಕಾಣದೆಯೇ ಕಣ್ಣು ಮುಚ್ಚಿದರು. ನಾವೂ ನಮ್ಮ ಕೆಲಸದ ಫಲವನ್ನು ಕಾಣದೆ ಹೋಗಬಹುದು. ಆದರೆ ನಾಳೆಯ ಮುಂಜಾವವು ನಮ್ಮ ಕೈಯಲ್ಲಿದೆ.