ಗೋಪುರದ ಪಕ್ಕದ ಪ್ರಯೋಗಶಾಲೆ: ಓಟೊ ಕೋನಿಗ್ಸ್‌ಬರ್ಗರ್

ಕೊಯಮತ್ತೂರಿನ ಲಾಲಿ ರಸ್ತೆಯಲ್ಲಿ ಹೋಗುವವರಿಗೆ ಕೃಷಿ ವಿದ್ಯಾಲಯದ ಹಳೆಯ ಕಟ್ಟಡ ಪರಿಚಿತವೇ. ಸೈದಾಪೇಟೆಯಿಂದ ಕೃಷಿ ಶಿಕ್ಷಣ ಇಲ್ಲಿಗೆ ಬಂದ ಕಾಲದ ಆ ನಿರ್ಮಾಣದ ಸುತ್ತ ಶತಮಾನದುದ್ದಕ್ಕೂ ಹೊಸ ಪ್ರಯೋಗಶಾಲೆಗಳು ಏಳುತ್ತಲೇ ಬಂದಿವೆ. ಹಿರಿಯ ಕಟ್ಟಡವೊಂದರ ಮಗ್ಗುಲಲ್ಲಿ ವಿಜ್ಞಾನದ ಹೊಸ ಮನೆಯನ್ನು ಹೇಗೆ ಕಟ್ಟಬೇಕು? ಹಳೆಯದನ್ನು ಅನುಕರಿಸಬೇಕೆ, ಅಥವಾ ತನ್ನ ಕೆಲಸಕ್ಕೆ ತಕ್ಕ ರೂಪವನ್ನು ಹೊಸದು ತಾನೇ ಕಂಡುಕೊಳ್ಳಬೇಕೆ? ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಎದುರಿಸಿದವರು ಜರ್ಮನಿಯಿಂದ ಬಂದ ವಾಸ್ತುಶಿಲ್ಪಿ ಓಟೊ ಕೋನಿಗ್ಸ್‌ಬರ್ಗರ್.

ಅವರು 1908ರಲ್ಲಿ ಬರ್ಲಿನ್ನಿನಲ್ಲಿ ಜನಿಸಿದರು. ಅಲ್ಲಿಯ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೋಲ್ಜಿಗ್ ಅವರ ಶಿಷ್ಯರಾಗಿ ಕಲಿತು, 1933ರಲ್ಲಿ ಒಲಿಂಪಿಕ್ ಕ್ರೀಡಾಂಗಣದ ವಿನ್ಯಾಸಕ್ಕೆ ಪ್ರತಿಷ್ಠಿತವಾದ ಶಿಂಕೆಲ್ ಪ್ರಶಸ್ತಿ ಪಡೆದರು. ನಾತ್ಸಿಗಳು ಅಧಿಕಾರಕ್ಕೆ ಬಂದದ್ದೂ ಅದೇ ವರ್ಷ. ಯಹೂದಿ ಮೂಲದ ತರುಣನಿಗೆ ತಾಯ್ನಾಡಿನಲ್ಲಿ ಉದ್ಯೋಗವೂ ಉಳಿಯಲಿಲ್ಲ, ನೆಲೆಯೂ ಉಳಿಯಲಿಲ್ಲ. ಈಜಿಪ್ಟಿಗೆ ಹೋಗಿ ಪುರಾತತ್ತ್ವಜ್ಞ ಲುಡ್ವಿಗ್ ಬೋರ್ಖಾರ್ಟ್ ಅವರ ಬಳಿ ದುಡಿದರು. ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯನ್ನು ಕುರಿತು ಡಾಕ್ಟರೇಟ್ ಪ್ರಬಂಧ ಬರೆದರು. ದೇಶದ ಬಾಗಿಲು ಮುಚ್ಚಿದ ಹೊತ್ತಿನಲ್ಲಿ ಈ ವಿಷಯ ಅವರ ಪಾಲಿಗೆ ಬಂದದ್ದು ಕಾಕತಾಳೀಯವಿರಬಹುದು. ಆದರೂ ಮನಸ್ಸಿಗೆ ತಟ್ಟುತ್ತದೆ.

1939ರಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಅವರು ಮೈಸೂರು ಸಂಸ್ಥಾನಕ್ಕೆ ಬಂದು ಪ್ರಧಾನ ವಾಸ್ತುಶಿಲ್ಪಿಯಾದರು. ದಿವಾನರು ಸೌಂದರ್ಯಪ್ರಿಯರು, ಗುಮ್ಮಟ, ಕಮಾನು, ಅಲಂಕಾರಗಳಲ್ಲಿ ಸಂಸ್ಥಾನದ ಘನತೆಯನ್ನು ಕಾಣುತ್ತಿದ್ದವರು. ವಾಸ್ತುಶಿಲ್ಪಿಯ ಒಲವು ಬೇರೆಯದು. ಕಟ್ಟಡ ಮೊದಲು ಬಿಸಿಲಿಗೆ, ಗಾಳಿಗೆ, ಮಳೆಗೆ ಉತ್ತರ ಕೊಡಬೇಕು ಎಂಬುದು ಅವರ ನಿಲುವು. ಆಶ್ರಯ ಕೊಟ್ಟವರ ಅಭಿರುಚಿಗೂ ತಾನು ನಂಬಿದ ವಿದ್ಯೆಗೂ ನಡುವೆ ನಿಲ್ಲುವುದು ನಿರಾಶ್ರಿತನಿಗೆ ಸುಲಭದ ಮಾತಲ್ಲ. ಕೆಲವೆಡೆ ಅವರು ಒಪ್ಪಿದರು, ಕೆಲವೆಡೆ ವಾದಿಸಿದರು.

ಆ ನಿಲುವಿಗೆ ಹೆಚ್ಚು ಅವಕಾಶ ದೊರೆತದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಮೈಸೂರು ಸಂಸ್ಥಾನ ನೀಡಿದ ಸುಮಾರು 371 ಎಕರೆ ಭೂಮಿಯಲ್ಲಿ ಮುಖ್ಯ ಕಟ್ಟಡಕ್ಕೆ 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟಿದ್ದರು. ಮುಂಬಯಿಯ ಸಿ. ಎಫ್. ಸ್ಟೀವನ್ಸ್ ವಿನ್ಯಾಸಗೊಳಿಸಿದ, ಎತ್ತರದ ಗೋಪುರವುಳ್ಳ ಆ ಬೂದುಗಲ್ಲಿನ ಸೌಧ ಇಂದಿಗೂ ಸಂಸ್ಥೆಯ ಗುರುತು. ಕೋನಿಗ್ಸ್‌ಬರ್ಗರ್ ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, 1935–36ರಲ್ಲಿ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ ಇದೇ ಆವರಣದಲ್ಲಿ ಕೆಲವು ತಿಂಗಳು ಕಳೆದಿದ್ದರು. ಅಲ್ಲಿಯೇ ನೆಲೆಸುವ ಅವರ ಆಸೆ ಕೈಗೂಡಲಿಲ್ಲ. ಮಾವನಿಗೆ ಹುದ್ದೆ ಸಿಗದ ನೆಲದಲ್ಲಿ ಅಳಿಯ ಪ್ರಯೋಗಶಾಲೆಗಳನ್ನು ಕಟ್ಟುವಂತಾಯಿತು.

1940ರ ದಶಕ ಯುದ್ಧಕಾಲ. ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭವಾಗಿತ್ತು. 1942ರ ಡಿಸೆಂಬರಿನಲ್ಲಿ ಸಂಸ್ಥೆಯಲ್ಲಿ ವಿಮಾನಯಾನ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಆ ವಿಭಾಗದ ಕಟ್ಟಡ, ಲೋಹಶಾಸ್ತ್ರ ವಿಭಾಗ, ಭೋಜನಶಾಲೆ ಮತ್ತು ಸಭಾಂಗಣ ಕೋನಿಗ್ಸ್‌ಬರ್ಗರ್ ಅವರ ಕೈಯಿಂದ ಬಂದವು. ಕುಲುಮೆಯ ಕಾವು, ಯಂತ್ರಗಳ ಸದ್ದು, ಸೂಕ್ಷ್ಮ ಉಪಕರಣಗಳಿಗೆ ಬೇಕಾದ ಸ್ಥಿರ ಬೆಳಕು ಇವೆಲ್ಲ ಒಂದೇ ಸೂರಿನಡಿ ಇರಬೇಕಾದಾಗ ಕಮಾನು ಗುಮ್ಮಟಗಳ ಚರ್ಚೆ ಹಿಂದೆ ಸರಿಯುತ್ತದೆ. ಸಾಲದ್ದಕ್ಕೆ ಸಿಮೆಂಟು, ಉಕ್ಕುಗಳ ಅಭಾವ ಬೇರೆ.

ಅವರ ವಿಧಾನದ ತಿರುಳು ಸೂರ್ಯನ ದಾರಿಯಲ್ಲಿತ್ತು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಧ್ಯಾಹ್ನದ ಸೂರ್ಯ ನೆತ್ತಿಗೆ ಹತ್ತಿರ. ಆದ್ದರಿಂದ ಉತ್ತರ ದಕ್ಷಿಣದ ಗೋಡೆಗಳಿಗೆ ಅಗಲವಲ್ಲದ ಸಜ್ಜಾ ಒಂದಿದ್ದರೂ ನೆರಳು ಸಿಗುತ್ತದೆ. ಪೂರ್ವ ಪಶ್ಚಿಮಗಳಲ್ಲಿ ಓರೆಬಿಸಿಲು ಯಾವ ಸಜ್ಜಾಕ್ಕೂ ಬಗ್ಗದೆ ಒಳನುಗ್ಗುತ್ತದೆ. ಕಟ್ಟಡವನ್ನು ಪೂರ್ವ ಪಶ್ಚಿಮವಾಗಿ ನೀಳವಾಗಿಟ್ಟು, ಕಿಟಕಿಗಳನ್ನು ಉತ್ತರ ದಕ್ಷಿಣಕ್ಕೆ ತೆರೆದು, ಗಾಳಿ ಒಂದು ಬದಿಯಿಂದ ಬಂದು ಇನ್ನೊಂದು ಬದಿಗೆ ಹಾಯುವಂತೆ ಕೋಣೆಯ ಆಳವನ್ನು ಮಿತಗೊಳಿಸಿದರೆ ಯಂತ್ರದ ನೆರವಿಲ್ಲದೆ ತಂಪು ದೊರೆಯುತ್ತದೆ. ನಮ್ಮ ತೊಟ್ಟಿಮನೆ ಕಟ್ಟಿದವರಿಗೂ ಗಾಳಿಯ ಈ ಗುಟ್ಟು ಗೊತ್ತಿತ್ತು ಎನ್ನಬೇಕು. ಹೀಗೆ ಹುಟ್ಟಿದ ಸರಳ, ತಗ್ಗಾದ ಕಟ್ಟಡಗಳು ಗೋಪುರದೊಡನೆ ಎತ್ತರದಲ್ಲಿ ಸ್ಪರ್ಧೆಗಿಳಿಯಲಿಲ್ಲ. ಅದರ ವೇಷವನ್ನೂ ತೊಡಲಿಲ್ಲ. ಹಳೆಯದಕ್ಕೆ ಸಲ್ಲಿಸುವ ಗೌರವ ಇದೇ ಎಂದು ನನಗನ್ನಿಸುತ್ತದೆ. ಅನುಕರಣೆಯೇ ಗೌರವವೆನ್ನುವವರೂ ಇದ್ದಾರೆ.

ಮುಂದೆ ಅವರು ಜಮ್ಷೆಡ್‌ಪುರದ ನಗರಯೋಜನೆ ಮಾಡಿದರು. 1948ರಲ್ಲಿ ಭುವನೇಶ್ವರದ ಯೋಜನೆ ರೂಪಿಸಿದರು. ಸ್ವತಂತ್ರ ಭಾರತದ ವಸತಿ ನಿರ್ದೇಶಕರಾಗಿ ದೇಶವಿಭಜನೆಯ ನಿರಾಶ್ರಿತರಿಗೆ ಊರುಗಳನ್ನು ಕಟ್ಟುವ ಹೊಣೆ ಹೊತ್ತರು. ಆ ಸಂಕಟದ ರುಚಿ ಅವರಿಗೆ ಹೊಸದಾಗಿರಲಿಲ್ಲ. ದೆಹಲಿಯಲ್ಲಿ ಸಿದ್ಧಭಾಗಗಳಿಂದ ಮನೆ ಕಟ್ಟುವ ಯೋಜನೆ ಸೋತಾಗ ಕಟು ಟೀಕೆ ಬಂದಿತು. 1951ರಲ್ಲಿ ಅವರು ಲಂಡನ್ನಿಗೆ ತೆರಳಿದರು. ಅಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ವರ್ಷಗಟ್ಟಲೆ ಬೋಧಿಸಿ, ಅದೇ ವಿಷಯದ ಕೈಪಿಡಿಯೊಂದನ್ನು ಸಹಲೇಖಕರೊಡನೆ ರಚಿಸಿದರು. ಬೆಂಗಳೂರಿನ ಬಿಸಿಲಿನಲ್ಲಿ ಕಲಿತದ್ದು ಹೀಗೆ ಪಾಠವಾಗಿ ಏಷ್ಯಾ, ಆಫ್ರಿಕಾಗಳ ವಿದ್ಯಾರ್ಥಿಗಳಿಗೆ ದೊರೆಯಿತು. 1999ರಲ್ಲಿ ಲಂಡನ್ನಿನಲ್ಲಿ ಅವರು ತೀರಿಕೊಂಡರು.