ಓಟು ಬೇಕಿಲ್ಲದ ದೊರೆ ತಂದ ಮೀಸಲಾತಿ

ಜೂನ್ 4 ನಾಲ್ವಡಿ ಕೃಷ್ಣರಾಜ ಒಡೆಯರು ಹುಟ್ಟಿದ ದಿನ. ಅವರ ಹೆಸರು ಕೇಳಿದೊಡನೆ ನಮಗೆಲ್ಲ ನೆನಪಾಗುವುದು ಕನ್ನಂಬಾಡಿ ಕಟ್ಟೆ, ದಸರಾ, ಸ್ಯಾಂಡಲ್ ಸೋಪು. ಆದರೆ ಇಲ್ಲಿನ ನಮ್ಮ ಕೂಟಗಳಲ್ಲಿ ಬಿಸಿಬೇಳೆಬಾತ್ ಮುಗಿದು ಕಾಫಿ ಬರುವ ಹೊತ್ತಿಗೆ ತಪ್ಪದೆ ಶುರುವಾಗುತ್ತದಲ್ಲ, ಮೀಸಲಾತಿಯ ವಾದ, ಅದರಲ್ಲಿ ಮಾತ್ರ ಈ ಹೆಸರು ಬರುವುದೇ ಇಲ್ಲ! ಮೀಸಲಾತಿ ಎಂದರೆ ಸ್ವಾತಂತ್ರ್ಯದ ನಂತರ ರಾಜಕಾರಣಿಗಳು ಓಟಿಗಾಗಿ ತಂದದ್ದು ಎಂದು ಒಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಮೈಸೂರಿನ ಕಥೆ ಬೇರೆ ಇದೆ.

1884ರಲ್ಲಿ ಹುಟ್ಟಿದ ನಾಲ್ವಡಿಯವರಿಗೆ ತಂದೆ ಚಾಮರಾಜೇಂದ್ರ ಒಡೆಯರು ತೀರಿಕೊಂಡಾಗ ಇನ್ನೂ ಹತ್ತು ವರ್ಷ. 1895ರಲ್ಲಿ ಪಟ್ಟವಾಯಿತು. ಆದರೆ 1902ರವರೆಗೆ ರಾಜ್ಯ ನಡೆಸಿದವರು ತಾಯಿ, ವಾಣಿವಿಲಾಸ ಸನ್ನಿಧಾನ. ಹುಡುಗ ದೊರೆ ಓದಿದರು, ಸಂಗೀತ ಕಲಿತರು, ಹದಿನೆಂಟಕ್ಕೆ ಅಧಿಕಾರ ವಹಿಸಿಕೊಂಡರು. 1912ರಲ್ಲಿ ಎಂ. ವಿಶ್ವೇಶ್ವರಯ್ಯನವರನ್ನು ದಿವಾನರನ್ನಾಗಿ ಮಾಡಿಕೊಂಡರು. ಮುಂದಿನ ಆರು ವರ್ಷದ ಕೆಲಸ ನಮಗೆ ಬಾಯಿಪಾಠ: 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ನಮ್ಮಂಥ ಎಂಜಿನಿಯರುಗಳಿಗಂತೂ ಸರ್ ಎಂ.ವಿ. ಮನೆದೇವರಿದ್ದಂತೆ.

ಆದರೆ ಆ ಕಚೇರಿಗಳಲ್ಲಿ ಕುರ್ಚಿಯ ಮೇಲೆ ಕೂತಿದ್ದವರು ಯಾರು? ಸಂಸ್ಥಾನದ ಜನರಲ್ಲಿ ಬ್ರಾಹ್ಮಣರು ನೂರಕ್ಕೆ ಸುಮಾರು ನಾಲ್ಕು ಮಂದಿ. ಗೆಜೆಟೆಡ್ ಹುದ್ದೆಗಳಲ್ಲಿ ಮೂರರಲ್ಲಿ ಎರಡರಷ್ಟು ಅವರ ಕೈಯಲ್ಲಿದ್ದವು. ಅವರು ಇಂಗ್ಲಿಷ್ ಓದಿಗೆ ಮೊದಲು ಹೋದವರು, ಆದ್ದರಿಂದ ಮೊದಲು ಬಂದವರು. ಹಿಂದೆ ಉಳಿದ ಲಿಂಗಾಯತ, ಒಕ್ಕಲಿಗ, ಮುಸ್ಲಿಂ ಮುಖಂಡರು 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿ, ಮರುವರ್ಷ ಮಹಾರಾಜರ ಮುಂದೆ ನಿಂತು ತಮ್ಮ ಪಾಲು ಕೇಳಿದರು. ನಾಲ್ವಡಿಯವರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು.

ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಿಂದುಳಿದವರ ಬಗ್ಗೆ ಅವರಿಗೆ ಕಾಳಜಿ ಇರಲಿಲ್ಲ ಎನ್ನುವುದು ಅನ್ಯಾಯದ ಮಾತು. ಶಾಲೆ ಹೆಚ್ಚಿಸಿ, ವಿದ್ಯಾರ್ಥಿವೇತನ ಕೊಡಿ, ಓದಿ ಮೇಲೆ ಬರಲಿ, ಕೆಲಸಕ್ಕೆ ಮಾತ್ರ ಯೋಗ್ಯತೆಯನ್ನೇ ನೋಡಿ ಎಂಬುದು ಅವರ ನಿಲುವು. ಅಷ್ಟು ದಿನ ಕಾಯಲಾಗದು ಎಂಬುದು ಕೇಳಲು ಬಂದವರ ನಿಲುವು. ನೂರು ವರ್ಷವಾದರೂ ನಾವು ಕಾಫಿ ಹಿಡಿದು ಆಡುವುದು ಇದೇ ಎರಡು ಮಾತು, ಅಲ್ಲವೇ? 1918ರ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಅಂಥ ದಿವಾನರನ್ನು ಕಳೆದುಕೊಳ್ಳುವುದು ಯಾವ ದೊರೆಗೂ ಸುಲಭವಲ್ಲ. ದೊರೆಯಾಗಿ ಉಳಿಯಲು ನಾಲ್ವಡಿಯವರಿಗೆ ಯಾರ ಓಟೂ ಬೇಕಿರಲಿಲ್ಲ. ಆದರೂ ಸಮಿತಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಎಂದಿತು. ಓದಿಗೆ ನೆರವನ್ನೂ ಹೇಳಿತು. 1921ರಲ್ಲಿ ಇದರ ಮೇಲೆ ಸರ್ಕಾರಿ ಆದೇಶ ಬಂತು. ಮೈಸೂರೇ ಮೊದಲೇನಲ್ಲ, ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲೇ ಅರ್ಧದಷ್ಟು ಹುದ್ದೆ ಮೀಸಲಿಟ್ಟಿದ್ದರು.

ಇಬ್ಬರ ನಡುವೆ ಹಗೆ ಉಳಿಯಲಿಲ್ಲ ಎನ್ನುವುದು ನಮಗೆ ತುಂಬ ಇಷ್ಟವಾದ ಸಂಗತಿ. 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊರಲು ಕರೆ ಹೋದದ್ದು ಅದೇ ವಿಶ್ವೇಶ್ವರಯ್ಯನವರಿಗೆ. ಅವರೂ ಬಂದರು! ವಾದ ಮಾಡಿಕೊಂಡು ತಿಂಗಳುಗಟ್ಟಲೆ ಮಾತು ಬಿಡುವ ನಮ್ಮಲ್ಲಿ ಕೆಲವರು ಇದನ್ನು ಓದಲಿ.

ಆದೇಶದಲ್ಲಿ ಕೊರತೆಯೂ ಇತ್ತು. ಬ್ರಾಹ್ಮಣರಲ್ಲದವರೆಲ್ಲ ಹೆಚ್ಚುಕಡಿಮೆ ಒಂದೇ ಗುಂಪಾದರು. ಊರಿನ ಗೌಡ, ಪಟೇಲರ ಮಗನಿಗೂ ಅದೇ ಪಟ್ಟಿ, ಊರ ಹೊರಗಿನ ಕೇರಿಯ ಹುಡುಗನಿಗೂ ಅದೇ ಪಟ್ಟಿ. ಓಟದಲ್ಲಿ ಮುಂದೆ ಬಂದವರು ಯಾರೆಂದು ಹೇಳಬೇಕಿಲ್ಲ. ಈ ಗಂಟು ಬಿಡಿಸಲು ದೇವರಾಜ ಅರಸರ ಕಾಲದ ಹಾವನೂರು ಆಯೋಗ 1975ರಲ್ಲಿ ವರದಿ ಕೊಡುವವರೆಗೆ ಕಾಯಬೇಕಾಯಿತು. ನಾವು ಇಂದಿಗೂ ಗುದ್ದಾಡುವ ಶೇಕಡ 50ರ ಮಿತಿಯ ಮಾತು ಸುಪ್ರೀಂ ಕೋರ್ಟಿನಲ್ಲಿ ಬಂದದ್ದೂ ಮೈಸೂರು ರಾಜ್ಯದ ಕಾಲೇಜು ಸೀಟುಗಳ ಮೊಕದ್ದಮೆಯಲ್ಲೇ, 1962ರಲ್ಲಿ.

ಅದನ್ನೆಲ್ಲ ನೋಡಲು ನಾಲ್ವಡಿಯವರು ಇರಲಿಲ್ಲ. 1940ರ ಆಗಸ್ಟ್ 3ರಂದು, 56ನೇ ವಯಸ್ಸಿನಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ತಮ್ಮನ ಮಗ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು.